ಬಿಳಿಗಿರಿ ಬೆಟ್ಟದ ಐದು ದಿನದ ತರಬೇತಿ: ದುಡ್ಡು, ರಜೆ ಎರಡೂ ಕೊಟ್ಟು ಹೋಗಬಹುದಾ?

ಐದಕ್ಕೆ ನಾಲ್ಕು. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಜೂನಿಯರ್‌ಗಳು ಕೇಳುವುದು ಇದನ್ನೇ. "ಅಕ್ಕ, ಹೋಗಬಹುದಾ?" ಹೋಗಬಹುದು. ಆದರೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ತಿಳಿದುಕೊಂಡು ಹೋಗಿ.

ಕಾಡು, ಪ್ರಾಣಿ, ಮಳೆ, ಮರಗಳ ಮೇಲೆ ಕೆಲಸ ಮಾಡುವ ಹೊಸ ಸಂಶೋಧಕರಿಗಾಗಿ ನಡೆಸುವ ತರಬೇತಿ ಇದು. ಪಿಎಚ್‌ಡಿ ಮಾಡುತ್ತಿರುವವರು, ಈಗಷ್ಟೇ ಮುಗಿಸಿದವರು, ಪ್ರಾಜೆಕ್ಟ್‌ಗಳಲ್ಲಿ ಫೀಲ್ಡ್ ಕೆಲಸ ಮಾಡುವವರು ಸೇರಬಹುದು. ಹವಾಮಾನ ಬದಲಾವಣೆ, ಕಾಡಿನ ಉಳಿವು ಇಂಥ ವಿಷಯಗಳನ್ನು ಕಾಡಿಗೆ ಬರುವವರಿಗೆ, ಕಾಡಿನಲ್ಲೇ ಬದುಕುವವರಿಗೆ, ಪತ್ರಿಕೆಯವರಿಗೆ ಹೇಗೆ ಹೇಳುವುದು ಅನ್ನುವುದನ್ನು ಕಲಿಸುತ್ತಾರೆ. ಐದು ದಿನ, 14 ಜನ, ಊಟ ವಸತಿ ಸೇರಿ 6,500 ರೂಪಾಯಿ. ನಡೆಸಿದವರ ಹೆಸರು ಹಾಕುತ್ತಿಲ್ಲ. ಇಲ್ಲಿ ಅವರ ತಪ್ಪುಗಳನ್ನೂ ಬರೆದಿದ್ದೇನೆ, ಅದನ್ನೆಲ್ಲ ಅವರಿಗೆ ನೇರವಾಗಿ ಬರೆದು ಕಳಿಸಿಯೂ ಆಗಿದೆ. ಈಗ ಇಂಥ ತರಬೇತಿಗಳು ಬೇರೆ ಬೇರೆ ಕಡೆ ನಡೆಯುತ್ತಿವೆ, ಯಾವುದಕ್ಕೆ ಹೋದರೂ ಈ ಬರಹ ಉಪಯೋಗಕ್ಕೆ ಬರಬಹುದು.

ನನ್ನ ಕೆಲಸದ ಬಗ್ಗೆ ಎರಡು ಮಾತು. ಎಲೆ ಉದುರುವ ಒಣ ಕಾಡಿನಲ್ಲಿ ಮುಂಗಾರಿಗೆ ಮೊದಲು ಬೀಳುವ ಮಳೆಗೂ ಮರಗಳು ಹೂ ಬಿಡುವ ಹೊತ್ತಿಗೂ ಏನು ಸಂಬಂಧ ಅಂತ ನೋಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಅದೇ ಮರಗಳ ಹತ್ತಿರ ಹೋಗಿ, ಮೊಗ್ಗು ಎಷ್ಟು, ಹೂ ಎಷ್ಟು, ಕಾಯಿ ಎಷ್ಟು ಎಂದು ಬರೆದುಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ಕಾಡಿನವರು ಯಾರಾದರೂ "ಏನ್ ಮಾಡ್ತಿದೀಯವ್ವ?" ಅಂತ ಕೇಳಿದರೆ "ಮರ ನೋಡ್ತಿದೀನಿ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ತರಬೇತಿಗೆ ಅರ್ಜಿ ಹಾಕಿದ್ದೇ ಇದಕ್ಕೆ. ಅವರ ಕಾಡಿನಲ್ಲಿ ನಾಲ್ಕು ವರ್ಷ ಓಡಾಡಿ, ಏನು ಮಾಡುತ್ತಿದ್ದೇನೆ ಎಂದು ಅವರಿಗೇ ಹೇಳಲು ಬರುವುದಿಲ್ಲ ಅಂದ್ರೆ ಅದು ಸರಿಯಲ್ಲ ಅನ್ನಿಸಿತ್ತು.

ಜಾಗ ಮಾತ್ರ ಬಹಳ ಚೆನ್ನಾಗಿ ಆರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟ ಚಾಮರಾಜನಗರ ಜಿಲ್ಲೆಯಲ್ಲಿದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆಯ ಹಾಗೆ ನಿಂತಿರುವ ಬೆಟ್ಟಸಾಲು ಅದು. ಕೆಳಗೆ ಕುರುಚಲು ಕಾಡು, ಸ್ವಲ್ಪ ಮೇಲೆ ಎಲೆ ಉದುರುವ ಕಾಡು, ಇನ್ನೂ ಮೇಲೆ ನಿತ್ಯಹಸಿರು ಕಾಡು, ತುದಿಯಲ್ಲಿ ಹುಲ್ಲುಗಾವಲು. ಸುಮಾರು 540 ಚದರ ಕಿಲೋಮೀಟರ್ ಒಳಗೆ ಇಷ್ಟೆಲ್ಲ. 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶ. ಅದೇ 2011ರಲ್ಲಿ ಈ ಕಾಡಿನಲ್ಲೇ ಬದುಕುವ ಸೋಲಿಗ ಬುಡಕಟ್ಟಿನವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳು ಸಿಕ್ಕವು. ಹುಲಿ ಮೀಸಲು ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು. ಹಾಗಾಗಿ ಇಲ್ಲಿ ಕಾಡಿನ ಬಗ್ಗೆ ಮಾತಾಡುವುದು ಅಂದ್ರೆ ಬರೀ ಪ್ರಾಣಿಗಳ ಬಗ್ಗೆ ಮಾತಾಡುವುದಲ್ಲ.

ಮೊದಲ ದಿನ ಬೆಳಿಗ್ಗೆ ಎಲ್ಲರಿಗೂ ಮೂರು ನಿಮಿಷ ಕೊಟ್ಟರು. ನಿಮ್ಮ ಕೆಲಸ ಏನು, ಹೇಳಿ. ನಾನು ಶುರು ಮಾಡಿದ್ದು ಪಶ್ಚಿಮ ಘಟ್ಟದ ಜೀವವೈವಿಧ್ಯದಿಂದ. ಆಮೇಲೆ ಮುಂಗಾರು ಮಾರುತ, ಆಮೇಲೆ ಹಿಂದಿನ ಸಂಶೋಧನೆಗಳು. ನನ್ನ ಮರಗಳ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆಯಿತು. 14 ಜನರಲ್ಲಿ 11 ಜನರದ್ದು ಇದೇ ಕಥೆ. ಕಾಲೇಜಿನಲ್ಲಿ ನಮಗೆ ಕಲಿಸಿರುವುದೇ ಹಾಗೆ ಅಲ್ವಾ? ಮೊದಲು ಹಿನ್ನೆಲೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ, ಕೊನೆಗೆ ಅದರ ಅರ್ಥ. ಕೇಳುವವರಿಗೆ ಬೇಕಾದದ್ದು ಆ ಕೊನೆಯದು, ಅದೇ ಮೊದಲು ಬೇಕು.

ಆಮೇಲೆ ಒಂದು ಹಾಳೆ ಕೊಟ್ಟು ಚೌಕಗಳನ್ನು ಬರೆಸಿದರು. ಇದನ್ನು ಮೆಸೇಜ್ ಬಾಕ್ಸ್ ಅನ್ನುತ್ತಾರೆ. ಅಮೆರಿಕದ ಕಂಪಾಸ್ ಅನ್ನುವ ಸಂಸ್ಥೆ ವಿಜ್ಞಾನಿಗಳಿಗಾಗಿ ಬಳಕೆಗೆ ತಂದ ವಿಧಾನ. ನಡುವೆ ವಿಷಯ, ಸುತ್ತ ನಾಲ್ಕು ಮನೆ: ಸಮಸ್ಯೆ ಏನು, ಆದರೆ ಏನಂತೆ (ಅಂದ್ರೆ ಅದರಿಂದ ಯಾರಿಗೆ ಏನಾಗುತ್ತದೆ), ಏನು ಮಾಡಬಹುದು, ಮಾಡಿದರೆ ಏನು ಒಳ್ಳೆಯದು. ನೋಡಲು ತುಂಬಾ ಸುಲಭ. ಆದರೆ "ಆದರೆ ಏನಂತೆ?" ಅನ್ನುವ ಮನೆಯಲ್ಲಿ ನಾನು ಒಂದೂವರೆ ಗಂಟೆ ಸಿಕ್ಕಿಕೊಂಡೆ. ಮರ ಬೇಗ ಹೂ ಬಿಟ್ಟಿತು. ಆದರೆ ಏನಂತೆ? ಹೆಜ್ಜೇನು ಬರುವ ಹೊತ್ತಿಗೆ ಹೂ ಇರದಿರಬಹುದು. ಆದರೆ ಏನಂತೆ? ಜೇನು ಕೀಳುವವರಿಗೆ ಆ ವರ್ಷ ಜೇನು ಕಮ್ಮಿ ಸಿಗಬಹುದು. ಇಲ್ಲಿಗೆ ಬಂದ ಮೇಲೆ ನನಗೆ ಗಾಬರಿಯಾಯಿತು, ಯಾಕಂದ್ರೆ ಇದು ನಾನು ಅಳತೆ ಮಾಡಿದ್ದಲ್ಲ, ನಾನು ಅಂದುಕೊಂಡದ್ದು. ತರಬೇತಿ ಕೊಡುವವರು ಅಲ್ಲೇ ನಿಲ್ಲಿಸಿ, ಗೊತ್ತಿರುವುದರ ಕೆಳಗೆ ಒಂದು ಗೆರೆ, ಅಂದುಕೊಂಡದ್ದರ ಕೆಳಗೆ ಎರಡು ಗೆರೆ ಹಾಕಲು ಹೇಳಿದರು. ನನ್ನ ಹಾಳೆಯಲ್ಲಿ ಎರಡು ಗೆರೆಗಳೇ ಜಾಸ್ತಿ. ಈ ಒಂದು ಅಭ್ಯಾಸಕ್ಕೇ ಅರ್ಧ ಫೀಸು ವಸೂಲಾಯಿತು ಅನ್ನಬೇಕು.

ಅದೇ ದಿನ ಸಂಜೆ ಅಮೆರಿಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಉದಾಹರಣೆ ತೋರಿಸಿದರು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಹುಟ್ಟಿದ್ದು 1916ರಲ್ಲಿ. ನೂರು ವರ್ಷ ತುಂಬಿದ 2016ರಲ್ಲಿ ಅಕೇಡಿಯಾದಲ್ಲೇ ಇರುವ ಸಂಶೋಧನಾ ಸಂಸ್ಥೆ ಸ್ಕೂಡಿಕ್ ಇನ್‌ಸ್ಟಿಟ್ಯೂಟ್ ಮತ್ತು ಅಲ್ಲಿನ ದೊಡ್ಡ ವಿಜ್ಞಾನ ಸಂಘ ಸೇರಿ ಹೊಸ ವಿಜ್ಞಾನಿಗಳಿಗೆ ಫೆಲೋಶಿಪ್ ಶುರು ಮಾಡಿದರು. ಉದ್ಯಾನದಲ್ಲಿ ಸಂಶೋಧನೆ ಮಾಡಬೇಕು, ಜೊತೆಗೆ ಅದನ್ನು ಜನರಿಗೆ ಹೇಳುವುದನ್ನೂ ಕಲಿಯಬೇಕು, ಎರಡೂ ಒಂದೇ ಕೆಲಸದ ಭಾಗ. ಇದು ನನಗೆ ತುಂಬಾ ಇಷ್ಟವಾಯಿತು. ಆದರೆ ಒಂದು ವ್ಯತ್ಯಾಸವನ್ನು ತರಬೇತಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಅಲ್ಲಿ ಬಂದವರಿಗೆ ಉದ್ಯಾನದ ಬಗ್ಗೆ ವಿವರಿಸಲೆಂದೇ ಸಂಬಳ ಕೊಟ್ಟು ರೇಂಜರ್‌ಗಳನ್ನು ಇಟ್ಟಿದ್ದಾರೆ. ವಿಜ್ಞಾನಿ ಅವರಿಗೆ ಹೇಳಿದರೆ ಅವರು ಸಾವಿರಾರು ಜನರಿಗೆ ಹೇಳುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಮಾಡುತ್ತಿರುವವರು ಸಫಾರಿ ಡ್ರೈವರ್, ಗೈಡ್, ಗೇಟಿನಲ್ಲಿ ಕೂರುವ ವಾಚರ್. ಒಬ್ಬ ಡ್ರೈವರ್ ಅಣ್ಣ ದಿನಕ್ಕೆ ಎರಡು ಟ್ರಿಪ್ ಹೊಡೆದರೂ ನಾನು ವರ್ಷಪೂರ್ತಿ ಕೊಡುವ ಭಾಷಣಕ್ಕಿಂತ ಜಾಸ್ತಿ ಜನ ಅವರ ಮಾತು ಕೇಳುತ್ತಾರೆ. ಹಾಗಿದ್ದರೆ ತರಬೇತಿಯ ಮೊದಲ ಗಂಟೆಯಿಂದಲೇ ಅವರು ನಮ್ಮ ಜೊತೆ ಕೂತಿರಬೇಕಿತ್ತು.

ಎರಡನೇ ದಿನ ಪತ್ರಿಕೆ, ಟಿವಿಯವರಿಗೆ ಉತ್ತರ ಕೊಡುವ ಅಭ್ಯಾಸ. ಕ್ಯಾಮೆರಾ ಇಟ್ಟು, ಮುಖಕ್ಕೆ ಲೈಟ್ ಬಿಟ್ಟು, ಪ್ರಶ್ನೆ ಕೇಳುತ್ತಾರೆ. ನನಗೆ ಬಂದ ಪ್ರಶ್ನೆ: "2019ರ ಫೆಬ್ರವರಿಯಲ್ಲಿ ಬಂಡೀಪುರ ಸುಟ್ಟುಹೋಯಿತು. ಅದಕ್ಕೆ ಹವಾಮಾನ ಬದಲಾವಣೆಯೇ ಕಾರಣ ತಾನೇ? ಹೌದಾ ಅಲ್ವಾ, ಒಂದೇ ಮಾತಲ್ಲಿ ಹೇಳಿ." ಆ ಬೆಂಕಿ ನಮಗೆಲ್ಲ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರ್ ತಂದು ನೀರು ಸುರಿದರು. ಎಲ್ಲಿಯದೋ ಸುಟ್ಟ ಪ್ರಾಣಿಗಳ ಚಿತ್ರಗಳು ಬಂಡೀಪುರದ್ದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಹೌದು ಅಂದರೆ ಸುಳ್ಳಾಗುತ್ತದೆ. ನಮ್ಮ ಕಾಡುಗಳಲ್ಲಿ ಬೆಂಕಿ ಹತ್ತುವುದು ಬಹುತೇಕ ಮನುಷ್ಯರ ಕೈಯಿಂದಲೇ. ಅಲ್ಲ ಅಂದರೂ ಪೂರ್ತಿ ನಿಜವಲ್ಲ. ಹತ್ತಿದ ಬೆಂಕಿ ಎಷ್ಟು ದೂರ ಓಡುತ್ತದೆ ಅನ್ನುವುದನ್ನು ಒಣ ಹುಲ್ಲು, ಸತ್ತು ನಿಂತ ಬಿದಿರು, ಹೊರದೇಶದಿಂದ ಬಂದು ಕಾಡೆಲ್ಲ ಹಬ್ಬಿರುವ ಲಂಟಾನ ಪೊದೆ, ಬಿಸಿಲು, ಗಾಳಿ ಎಲ್ಲ ಸೇರಿ ತೀರ್ಮಾನಿಸುತ್ತವೆ. ನಾನು ಮೊದಲ ಸಲ ತಡವರಿಸಿದೆ. ಎರಡನೇ ಸಲ ಹೀಗೆ ಹೇಳಿದೆ: "ಬೆಂಕಿ ಹಚ್ಚಿದ್ದು ಹವಾಮಾನವಲ್ಲ. ಆದರೆ ಬಿಸಿಲು ಹೆಚ್ಚಾದ ಹಾಗೆ, ಹತ್ತಿದ ಬೆಂಕಿಯನ್ನು ಆರಿಸುವುದು ಕಷ್ಟವಾಗುತ್ತಾ ಹೋಗುತ್ತದೆ." ಎರಡೇ ವಾಕ್ಯ. ಅದನ್ನು ಟಿವಿಯವರು ಎಲ್ಲಿ ಕತ್ತರಿಸಿದರೂ ಅರ್ಥ ಕೆಡುವುದಿಲ್ಲ. ಒಂದು ವಾಕ್ಯ ಕತ್ತರಿಸಿದರೂ ತಾನೇ ನಿಲ್ಲಬೇಕು ಅನ್ನುವುದು ಆ ದಿನ ಕಲಿತ ಒಳ್ಳೆಯ ಪಾಠ.

ಅದೇ ದಿನ ಒಂದು ಗಂಟೆ ಅಂಕಿಗಳ ಬಗ್ಗೆಯೂ ಇತ್ತು. ಭೂವಿಜ್ಞಾನ ಸಚಿವಾಲಯ 2020ರಲ್ಲಿ ತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕಡಿಮೆಯಾಗಿದೆ, ಪಶ್ಚಿಮ ಘಟ್ಟದಲ್ಲಿ ಅದು ಎದ್ದು ಕಾಣುತ್ತದೆ. ಈ ಅಂಕಿ ಹೇಳಿದರೆ ಜನ "0.7 ತಾನೇ?" ಅನ್ನುತ್ತಾರೆ. ಅದಕ್ಕೆ ಏನು ಉತ್ತರ ಕೊಡಬೇಕು ಅಂತ ಮಾತ್ರ ಸರಿಯಾಗಿ ಹೇಳಿಕೊಡಲಿಲ್ಲ, ಸುಮ್ನೆ ಸ್ಲೈಡ್ ದಾಟಿಸಿದರು. ನಾವೇ ರಾತ್ರಿ ಊಟದ ಹೊತ್ತಲ್ಲಿ ಕೂತು ಚರ್ಚೆ ಮಾಡಿದೆವು. ಒಬ್ಬಳು ಹೇಳಿದ್ದು ಚೆನ್ನಾಗಿತ್ತು: ಮೈ ಬಿಸಿ ಒಂದು ಡಿಗ್ರಿ ಏರಿದರೆ ಸಾಕು, ಮಗುವನ್ನು ಸ್ಕೂಲಿಗೆ ಕಳಿಸುವುದಿಲ್ಲ, ಹಾಗೆಯೇ ಇದು.

ಈಗ ದೊಡ್ಡ ತಕರಾರು. ಮೊದಲ ಎರಡು ದಿನ ಪೂರ್ತಿ ಇಂಗ್ಲಿಷ್. 14 ಜನರಲ್ಲಿ ಒಂಬತ್ತು ಜನರಿಗೆ ಕನ್ನಡ ಮನೆಮಾತು ಅಥವಾ ಚೆನ್ನಾಗಿ ಬರುವ ಮಾತು, ಉಳಿದವರಿಗೂ ಅವರವರ ಭಾಷೆ ಇತ್ತು. ಇಂಗ್ಲಿಷಿನಲ್ಲಿ ಮೆಸೇಜ್ ಬಾಕ್ಸ್ ತುಂಬಿ, ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿ, ಮೂರನೇ ದಿನ "ಇದನ್ನೇ ಕನ್ನಡದಲ್ಲಿ ಹೇಳಿ" ಅಂದರೆ ಆಗುವ ಮಾತಲ್ಲ. ಭಾಷೆ ಬದಲಾದರೆ ಮಾತಿನ ಜೊತೆ ವಿಷಯವೂ ಬದಲಾಗುತ್ತದೆ. ಇದು ನನಗೆ ತಿಳಿದಿದ್ದು ಮೂರನೇ ದಿನ ಮಧ್ಯಾಹ್ನ. ಈ ತರಬೇತಿಗೆ ನಾಲ್ಕು ಅಂಕ ಕೊಟ್ಟಿದ್ದೇ ಆ ಮಧ್ಯಾಹ್ನಕ್ಕೆ.

ಅವತ್ತು ಒಂದು ಪೋಡಿನಿಂದ (ಸೋಲಿಗರ ಹಾಡಿಗೆ ಪೋಡು ಅನ್ನುತ್ತಾರೆ) ಸೋಲಿಗರ ಹಿರಿಯರು ಒಬ್ಬರು, ಇಬ್ಬರು ಹೆಂಗಸರು, ಅರಣ್ಯ ಇಲಾಖೆಯ ವಾಚರ್‌ಗಳು ನಾಲ್ಕು ಜನ ಬಂದಿದ್ದರು. ಹೊಂಗೆ ಮರದ ಕೆಳಗೆ ಜಮಖಾನ ಹಾಸಿದ್ದರು. ಒಬ್ಬೊಬ್ಬರೇ ಎದ್ದು ನಮ್ಮ ಕೆಲಸ ಹೇಳಬೇಕು. ನಾನು ಎದ್ದು "ಹವಾಮಾನ ಬದಲಾವಣೆಯಿಂದ ಮರಗಳು ಹೂ ಬಿಡುವ ಅವಧಿಯಲ್ಲಿ ವ್ಯತ್ಯಾಸ ಆಗ್ತಿದೆಯಾ ಅಂತ ಅಧ್ಯಯನ ಮಾಡ್ತಿದೀನಿ" ಅಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಹವಾಮಾನ ಅಂದ್ರ ರೇಡಿಯೋದಲ್ಲಿ ಬತ್ತದಲ್ಲ, ಅದಾ ಕನವ್ವ?"

ಹೌದು, ಅದೇ. ಸಂಜೆ ಹವಾಮಾನ ವರದಿ ಅಂತ ಬರುತ್ತದಲ್ಲ, ಅದೇ ಪದ. ನಾಳೆ ಮಳೆ ಬರುತ್ತಾ ಇಲ್ಲವಾ ಅನ್ನುವುದಕ್ಕೂ ಹವಾಮಾನ, ಮೂವತ್ತು ವರ್ಷದ ಸರಾಸರಿಗೂ ಹವಾಮಾನ. ಸ್ಕೂಲ್ ಪುಸ್ತಕದಲ್ಲಿ ಎರಡನೆಯದಕ್ಕೆ ವಾಯುಗುಣ ಅಂತ ಇದೆ, ಆದರೆ ಆ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಹಾಗಾಗಿ "ಹವಾಮಾನ ಬದಲಾವಣೆ" ಅಂದಾಗ ಕೇಳುವವರಿಗೆ "ಹವಾಮಾನ ದಿನಾ ಬದಲಾಗುತ್ತೆ, ಅದರಲ್ಲೇನು?" ಅನ್ನಿಸುವುದು ಸಹಜ. ನಾವು ಅದನ್ನು ಜನರ ಅಜ್ಞಾನ ಅಂದುಕೊಳ್ಳುತ್ತೇವೆ. ಪದ ಆರಿಸಿದ್ದು ನಾವು, ತಪ್ಪೂ ನಮ್ಮದೇ.

ಆಗ ವಾಚರ್ ಅಣ್ಣ ಒಬ್ಬರು, ಬೆಟ್ಟದ ಕೆಳಗಿನ ಊರಿನವರು, ಮನೆಯಲ್ಲಿ ರಾಗಿ ಜೋಳ ಬೆಳೆಯುವವರು, ಮಧ್ಯೆ ಬಾಯಿ ಹಾಕಿದರು. "ಮೇಡಂ, ಯಾವ ಮಳೇಲಿ ಯಾವ ಹೂ ಬತ್ತದ ಅಂತ ನೋಡ್ತಿದೀರಿ ಅಲ್ವಾ? ಹಂಗನ್ನಿ ಮತ್ತ." ಅಷ್ಟೇ. ನನ್ನ ನಾಲ್ಕು ವರ್ಷದ ಕೆಲಸ ಅವರ ಒಂದು ವಾಕ್ಯದಲ್ಲಿ ಬಂತು. ಅವರು ಹೇಳಿದ ಮಳೆ ಅಂದ್ರೆ ನಕ್ಷತ್ರದ ಮಳೆ. ಏಪ್ರಿಲ್ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಆಮೇಲೆ ರೋಹಿಣಿ, ಜೂನ್‌ನಲ್ಲಿ ಮೃಗಶಿರಾ, ಆರಿದ್ರಾ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ನಾನು ಮರ ನೋಡಲು ಹೋಗುವುದೂ ಹದಿನೈದು ದಿನಕ್ಕೊಮ್ಮೆ! ನನ್ನ ನೋಟ್‌ಬುಕ್ಕಿನ ಒಂದೊಂದು ಸಾಲೂ ಹೆಚ್ಚುಕಮ್ಮಿ ಒಂದೊಂದು ಮಳೆಯ ಲೆಕ್ಕ. ನಾಲ್ಕು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಜ್ಜಿ "ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ" ಅನ್ನುತ್ತಿದ್ದದ್ದನ್ನು ಕೇಳಿಕೊಂಡೇ ಬೆಳೆದವಳು ನಾನು.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಕೃತ್ತಿಕೆಯಲ್ಲಿ ಹಿಂದೆ ಹೇಗಿತ್ತು, ಈಗ ಹೇಗಿದೆ, ಯಾವ ವರ್ಷ ಭರಣಿ ಪೂರ್ತಿ ಒಣಗಿತು, 2023ರ ಬರದಲ್ಲಿ ಯಾವ ಮರ ಕಾಯಿ ಕಚ್ಚಲಿಲ್ಲ. ಹಿರಿಯರು ಅಂದರು: "ಮಳ ಬತ್ತದ, ಬರಲ್ಲ ಅನ್ನಕಾಗಲ್ಲ. ಬರೋ ಕಾಲ್ದಲ್ಲಿ ಬರಲ್ಲ." ನನಗೆ ಇದನ್ನು ಕೇಳಿ ಖುಷಿಯಾಯಿತು, ಜೊತೆಗೆ ಎಚ್ಚರಿಕೆಯೂ ಬಂತು. ಯಾಕಂದ್ರೆ ನೆನಪು ಅಂದ್ರೆ ದಾಖಲೆಯಲ್ಲ, ನನ್ನ ನಾಲ್ಕು ವರ್ಷವೂ ಮೂವತ್ತು ವರ್ಷವಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. "ತಾತ, ನಾಲ್ಕು ವರ್ಷದ ಲೆಕ್ಕ ಇಟ್ಕೊಂಡು ಕಾಲವೇ ಬದಲಾಗಿದೆ ಅಂತ ನಾನು ಹೇಳಕ್ಕಾಗಲ್ಲ, ಇನ್ನೂ ಬರೀತಾ ಇರಬೇಕು" ಅಂದೆ. ಅವರು ತಲೆಯಾಡಿಸಿದರು. ಗೊತ್ತಿಲ್ಲ ಅಂದರೆ ಜನ ನಂಬುವುದಿಲ್ಲ ಎಂದು ನಮ್ಮನ್ನು ಹೆದರಿಸಿಟ್ಟಿರುತ್ತಾರೆ. ಅಲ್ಲಿ ಹಾಗೆ ಆಗಲೇ ಇಲ್ಲ.

ಆಮೇಲೆ ಬೆಂಕಿಯ ಮಾತು ಬಂತು. ಸೋಲಿಗರು ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅನ್ನುತ್ತಾರೆ. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಅದು ನಿಂತ ಮೇಲೆಯೇ ಲಂಟಾನ ಏರಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಜಾಸ್ತಿಯಾಗಿ ಮರ ಸಾಯತೊಡಗಿತು ಅನ್ನುವುದು ಅವರ ಮಾತು. ಉಪ್ಪಿಲು ಅಂದ್ರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ, ನಾವು ಬಂದಳಿಕೆ ಅನ್ನುತ್ತೇವಲ್ಲ, ಅದು. ಇದೇ ಬೆಟ್ಟದಲ್ಲಿ ನಡೆದ ಅಧ್ಯಯನಗಳಲ್ಲಿ 1997ರಿಂದ 2008ರ ನಡುವೆ ಲಂಟಾನ ಇರುವ ಜಾಗಗಳು ಸುಮಾರು ಎರಡರಷ್ಟಾಗಿದ್ದು ದಾಖಲಾಗಿದೆ. ಆದರೆ ವಿಜ್ಞಾನಿಗಳಲ್ಲೇ ಇನ್ನೊಂದು ವಾದವಿದೆ: ಬೆಂಕಿ ಬಿದ್ದಷ್ಟೂ ಲಂಟಾನ ಬೆಳೆಯುತ್ತದೆ, ಲಂಟಾನ ಬೆಳೆದಷ್ಟೂ ಬೆಂಕಿ ಜೋರಾಗುತ್ತದೆ. ಕೇಳಿದರೆ ಎರಡು ಮಾತು ಎದುರುಬದುರು ನಿಂತ ಹಾಗೆ ಕಾಣುತ್ತದೆ. ಸ್ವಲ್ಪ ಬಿಡಿಸಿ ನೋಡಿದರೆ ಒಬ್ಬರು ಹೇಳುತ್ತಿರುವುದು ಜನವರಿಯ ಸಣ್ಣ ಬೆಂಕಿ, ಇನ್ನೊಬ್ಬರು ಹೇಳುತ್ತಿರುವುದು ಬೇಸಿಗೆಯ ದೊಡ್ಡ ಬೆಂಕಿ. ಈಗ ಆಳೆತ್ತರ ಲಂಟಾನ ನಿಂತಿರುವ ಕಡೆ ಸಣ್ಣ ಬೆಂಕಿ ಕೊಟ್ಟರೂ ಅದು ಸಣ್ಣದಾಗಿ ಉಳಿಯುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಬ್ಯಾಚಿನ ಹುಡುಗ ಒಬ್ಬ ಲಂಟಾನದ ಮೇಲೆಯೇ ಕೆಲಸ ಮಾಡುತ್ತಾನೆ. ಆ ಸಂಜೆ ಅವನು ತನ್ನ ಸ್ಲೈಡ್‌ಗಳನ್ನು ಪೂರ್ತಿ ತೆಗೆದುಹಾಕಿ ಮೊದಲಿಂದ ಬರೆಯಲು ಕೂತ. ಕಾಡಿನಲ್ಲಿ ಹುಟ್ಟಿ ಬೆಳೆದವರ ಮಾತನ್ನು "ಸ್ಥಳೀಯರ ಅಭಿಪ್ರಾಯ" ಅಂತ ಒಂದು ಸ್ಲೈಡ್‌ನಲ್ಲಿ ಮುಗಿಸಿದ್ದನಂತೆ, ಈಗ ಅದನ್ನೇ ಪ್ರಶ್ನೆಯಾಗಿ ಮೊದಲಿಗೆ ಇಟ್ಟ.

ನಾಲ್ಕನೇ ದಿನ ಬೆಳಿಗ್ಗೆ, ಬೆಟ್ಟದಲ್ಲಿ ಸಫಾರಿ ಹೊರಡುವ ಜಾಗವಾದ ಕೆ. ಗುಡಿಯಲ್ಲಿ ಸಫಾರಿ ಗಾಡಿ ಹತ್ತಿ ಅಭ್ಯಾಸ. ಇದು ಕಷ್ಟದ ಕೆಲಸ. ಗಾಡಿಯಲ್ಲಿ ಕೂತವರ ಮನಸ್ಸೆಲ್ಲ ಹುಲಿಯ ಮೇಲೆ. ತಪ್ಪಲ್ಲ, ದುಡ್ಡು ಕೊಟ್ಟು ಬಂದಿರುತ್ತಾರೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಲೆಕ್ಕ ಬಂದಿತ್ತು, ಅದನ್ನು ಹೇಳಿದರೆ ಕಿವಿ ನೆಟ್ಟಗಾಗುತ್ತದೆ. ಅಲ್ಲಿಂದ ಹುಲಿಗೆ ಜಿಂಕೆ, ಜಿಂಕೆಗೆ ಹುಲ್ಲು, ಹುಲ್ಲಿನ ಜಾಗಕ್ಕೆ ಲಂಟಾನ ಎಂದು ಎಳೆ ಹಿಡಿದು ಬರಬಹುದು. ದೇಶದ ಹುಲಿ ಕಾಡುಗಳಲ್ಲಿ ಶೇ 40ಕ್ಕಿಂತ ಜಾಸ್ತಿ ಜಾಗಕ್ಕೆ ಲಂಟಾನದ ಕಾಟ ಇದೆ ಎಂದು 2020ರ ಒಂದು ಅಧ್ಯಯನ ಹೇಳಿದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹಳದಿ ಹೂವಿನ ಉದಾಹರಣೆ. ಬಂಡೀಪುರ, ನಾಗರಹೊಳೆ, ವಯನಾಡಿನ ಕಡೆ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನುವ ಮರ ಹಬ್ಬುತ್ತಿದೆ. ಅಂದಕ್ಕೆ ಅಂತ ಹೊರದೇಶದಿಂದ ತಂದು ನೆಟ್ಟದ್ದು. ನೋಡಿದವರು ನಮ್ಮ ಕಕ್ಕೆ ಮರ ಅಂದುಕೊಂಡು ಫೋಟೋ ತೆಗೆಯುತ್ತಾರೆ. ಅದರ ದಟ್ಟ ನೆರಳಲ್ಲಿ ಹುಲ್ಲು, ಬೇರೆ ಸಸಿ ಏಳುವುದು ಕಷ್ಟ. ಎರಡು ಫೋಟೋ ಪಕ್ಕಪಕ್ಕ ತೋರಿಸಿ, ಹೂಗೊಂಚಲು ಕೆಳಗೆ ಜೋತು ಬಿದ್ದಿದ್ದರೆ ಕಕ್ಕೆ, ಮೇಲೆ ನೆಟ್ಟಗೆ ನಿಂತಿದ್ದರೆ ಇದು ಅಂದರೆ ಮಕ್ಕಳು ಕೂಡ ಆಮೇಲೆ ತಾವೇ ಗುರುತಿಸುತ್ತಾರೆ. ಜನರ ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ತಾನಾಗಿ ಬರುತ್ತದೆ.

ಒಂದು ಮಾತನ್ನು ತರಬೇತಿಯಲ್ಲಿ ತುಂಬಾ ಖಡಾಖಂಡಿತವಾಗಿ ಹೇಳಿದರು, ಅದಕ್ಕೆ ನನ್ನ ಪೂರ್ತಿ ಮೆಚ್ಚುಗೆ. ಹುಲಿ ಕಂಡ ಜಾಗ, ಗೂಡಿನ ಜಾಗ, ಅಪರೂಪದ ಗಿಡದ ಜಾಗ ಇವನ್ನು ಅವತ್ತೇ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ, ಫೋಟೋದಲ್ಲಿ ಲೊಕೇಶನ್ ತೆಗೆದುಹಾಕಿ. ಜನರಿಗೆ ಹೇಳುವುದನ್ನು ಕಲಿಸುವವರು ಏನು ಹೇಳಬಾರದು ಎಂದೂ ಕಲಿಸಬೇಕು.

ಆದರೆ "ಪಾರ್ಕಿಗೆ ಬರುವವರು" ಅಂದ್ರೆ ಸಫಾರಿಯವರು ಅಂತಲೇ ಅವರು ಲೆಕ್ಕ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಬಿಳಿಗಿರಿ ಬೆಟ್ಟಕ್ಕೆ ಬರುವ ಬಹಳಷ್ಟು ಜನ ರಂಗನಾಥನ ಭಕ್ತರು. ಸರ್ಕಾರಿ ಬಸ್ಸಿನಲ್ಲಿ, ಟೆಂಪೋದಲ್ಲಿ ಮನೆಮಂದಿಯೆಲ್ಲ ಬರುತ್ತಾರೆ. ಅವರೂ ಅದೇ ಹುಲಿ ಕಾಡಿನ ಒಳಗೆ ಹಾದು ಬರುತ್ತಾರೆ, ಆದರೆ ಅವರಿಗಾಗಿ ಯಾರೂ ಒಂದು ಮಾತು ತಯಾರು ಮಾಡಿಕೊಂಡಿರಲಿಲ್ಲ. ಸಂಜೆ ಬಿಡುವು ಇದ್ದಾಗ ನಾವು ಮೂರು ಜನ ಕೇಳಿಕೊಂಡು ದೇವಸ್ಥಾನದ ಕಡೆ ಹೋದೆವು. ಬಸ್ಸಿಗೆ ಕಾಯುತ್ತಿದ್ದ ಕೊಳ್ಳೇಗಾಲದ ಕಡೆಯ ಒಂದು ಕುಟುಂಬದ ಜೊತೆ ಮಾತಿಗೆ ಕೂತೆ. ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಮದುವೆಯಾದ, ಅದಕ್ಕೇ ಸೋಲಿಗರು ಅವನನ್ನು ಭಾವ ಅನ್ನುತ್ತಾರೆ ಅನ್ನುವ ಕಥೆ ಅವರಿಗೆ ಗೊತ್ತಿತ್ತು. ಅಲ್ಲಿಂದಲೇ ಶುರು ಮಾಡಿದೆ. ಸೋಲಿಗರ ಜೇನು, ಜೇನಿಗೆ ಹೂ, ಹೂವಿಗೆ ಮಳೆ. "ಕೃತ್ತಿಕೆ ಮಳೆ ನಿಮ್ಮೂರಲ್ಲಿ ಹೆಂಗಿತ್ತು ಹೋದ ಸಲ?" ಅಂತ ಕೇಳಿದೆ. ಅಜ್ಜಿಯೊಬ್ಬರು ಹತ್ತು ನಿಮಿಷ ಮಾತಾಡಿದರು. ನಾನು ಮಾತಾಡಿದ್ದು ಮೂರು ನಿಮಿಷ ಇರಬಹುದು. ಬಸ್ ಬಂದಾಗ ಅವರ ಮೊಮ್ಮಗ, ಏಳನೇ ಕ್ಲಾಸಿನವನು, ನಮ್ಮ ಮನೆ ಮುಂದಿನ ಹೊಂಗೆ ಯಾವತ್ತು ಹೂ ಬಿಡುತ್ತೆ ಅಂತ ಬರೆದಿಡಬಹುದಾ ಎಂದು ಕೇಳಿದ. ಬರೆದಿಡಪ್ಪಾ ಅಂದೆ. ಹೀಗೆ ಮರಗಳನ್ನು ಗಮನಿಸಿ ಬರೆಯುವ ಸೀಸನ್‌ವಾಚ್ ಎಂಬ ಯೋಜನೆ ದೇಶದಾದ್ಯಂತ ನಡೆಯುತ್ತಿದೆ, ಶಾಲೆಗಳೂ ಸೇರಬಹುದು. ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಇನ್ನು ಕೊರತೆಗಳು. ವಿಡಿಯೋ ಮಾಡುವ ತರಗತಿಯಲ್ಲಿ ಹೊಸದೇನೂ ಇರಲಿಲ್ಲ, ಫೋನ್ ಅಡ್ಡ ಹಿಡಿಯಿರಿ, ಗಾಳಿ ಸದ್ದು ಬರದ ಹಾಗೆ ನೋಡಿಕೊಳ್ಳಿ, ಅಷ್ಟೇ. ಇಲಾಖೆಯ ಅನುಮತಿ ಪತ್ರದಲ್ಲಿ ಇರುವ ಷರತ್ತುಗಳ ಪ್ರಕಾರ ಸಂಶೋಧಕರು ಪತ್ರಿಕೆಗೆ ಏನು ಹೇಳಬಹುದು, ಯಾರನ್ನು ಕೇಳಿ ಹೇಳಬೇಕು ಅನ್ನುವುದರ ಬಗ್ಗೆ ಒಂದು ಗಂಟೆಯೂ ಇಡಲಿಲ್ಲ. ನಮಗೆಲ್ಲ ಇದು ದಿನದಿನದ ಭಯ. ಹೊಸಬರು ಬಾಯಿ ಮುಚ್ಚಿಕೊಂಡಿರುವುದಕ್ಕೆ ಮಾತು ಬಾರದಿರುವುದಕ್ಕಿಂತ ಈ ಭಯವೇ ದೊಡ್ಡ ಕಾರಣ. ತರಬೇತಿ ಮುಗಿದ ಮೇಲೆ ಒಂದು ವಾಟ್ಸ್‌ಆ್ಯಪ್ ಗುಂಪು ಬಿಟ್ಟರೆ ಮುಂದೇನೂ ಇಲ್ಲ. ಮೂರು ತಿಂಗಳು ಕಳೆದು ಒಂದು ದಿನ ಮತ್ತೆ ಸೇರಿಸಿ, ಏನು ಮಾಡಿದಿರಿ ಅಂತ ಕೇಳಿದ್ದರೆ ಕಲಿತದ್ದು ಉಳಿಯುತ್ತಿತ್ತು.

ಎಲ್ಲಕ್ಕಿಂತ ಬೇಸರವಾಗಿದ್ದು ಇನ್ನೊಂದು. ಮೂರನೇ ದಿನ ಬಂದಿದ್ದ ಪೋಡಿನವರಿಗೆ ಊಟ ಹಾಕಿ, ಕೈ ಮುಗಿದು ಕಳಿಸಿದರು. ಅವರು ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಊರಿಂದ ಬಂದು ಸ್ಲೈಡ್ ತೋರಿಸಿದವರಿಗೆ ಸಂಭಾವನೆ ಇದೆ, ನಮಗೆ ನಿಜವಾಗಿ ಕಲಿಸಿದವರಿಗೆ ಇಲ್ಲ. ನಮ್ಮ 6,500 ರೂಪಾಯಿಯಲ್ಲಿ ಅವರ ಪಾಲೂ ಇರಬೇಕಿತ್ತು. ನಾವು ಕೆಲವರು ಸೇರಿ ಇದನ್ನು ಕೊನೆಯ ದಿನ ಎದ್ದು ನಿಂತು ಹೇಳಿದೆವು. ಅವರು ಕೇಳಿಸಿಕೊಂಡರು, ಬರೆದುಕೊಂಡರು.

ಊಟ ಚೆನ್ನಾಗಿತ್ತು, ರಾಗಿಮುದ್ದೆ ಉಪ್ಸಾರು ಎರಡು ದಿನ ಸಿಕ್ಕಿತು. ಡಾರ್ಮಿಟರಿಯಲ್ಲಿ ನೆಟ್‌ವರ್ಕ್ ಇಲ್ಲ, ಮನೆಗೆ ಮೊದಲೇ ಹೇಳಿ ಹೋಗಿ. ಹೆಣ್ಣುಮಕ್ಕಳಿಗೆ ಬೇರೆ ವ್ಯವಸ್ಥೆ ಇದೆ, ಸುರಕ್ಷಿತ. ಚಾಮರಾಜನಗರದಿಂದ ಬಸ್ ಹಿಡಿಯುವುದಾದರೆ ಬೆಳಿಗ್ಗೆ ಬೇಗ ಬನ್ನಿ.

ಯಾರು ಹೋಗಬೇಕು? ಕನಿಷ್ಠ ಒಂದು ವರ್ಷ ಫೀಲ್ಡ್‌ನಲ್ಲಿ ಕೆಲಸ ಮಾಡಿದವರು. ಕೈಯಲ್ಲಿ ಸ್ವಂತ ಡೇಟಾ ಇಲ್ಲದಿದ್ದರೆ "ಆದರೆ ಏನಂತೆ?" ಅನ್ನುವ ಪ್ರಶ್ನೆಗೆ ಪುಸ್ತಕದ ಉತ್ತರ ಬರುತ್ತದೆ, ಪ್ರಯೋಜನವಿಲ್ಲ. ಹೋಗುವ ಮುಂಚೆ ನಿಮ್ಮ ಕೆಲಸವನ್ನು ಮನೆಮಾತಿನಲ್ಲಿ ಒಂದು ಸಲ ಅಮ್ಮನಿಗೋ ಅಜ್ಜಿಗೋ ಹೇಳಿ ನೋಡಿ. ಎಲ್ಲಿ ಇಂಗ್ಲಿಷ್ ಪದ ಬರುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲೇ ನಿಮಗೆ ಕೆಲಸ ಇದೆ.

ಜೂನ್‌ನಲ್ಲಿ ಮರ ನೋಡಲು ಮತ್ತೆ ಹೋಗಿದ್ದೆ. ಗೇಟಿನಲ್ಲಿ ಆ ವಾಚರ್ ಅಣ್ಣ ಸಿಕ್ಕರು. "ಮೇಡಂ, ಕೃತ್ತಿಕೆಲಿ ಎರಡೇ ಮಳ ಆಯ್ತು, ಬರೆದಿಟ್ಟಿವ್ನಿ" ಅಂತ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದರು. ತಾರೀಖು, ಮಳೆ ಬಂದ ಹೊತ್ತು, ಪಕ್ಕದಲ್ಲಿ ಯಾವ ಮರದಲ್ಲಿ ಹೂ ಇತ್ತು ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದರು. ಹದಿನೇಳು ಸಾಲು. ಅದರಲ್ಲಿ ಆರು ದಿನ ನಾನು ಕಾಡಿನಲ್ಲಿ ಇರಲೇ ಇಲ್ಲ. ಈಗ ಇಬ್ಬರೂ ಹದಿನೈದು ದಿನಕ್ಕೊಮ್ಮೆ ಪುಸ್ತಕ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮುಂದಿನ ಬ್ಯಾಚಿಗೆ ಅವರನ್ನು ಸಂಭಾವನೆ ಕೊಟ್ಟು ಕಲಿಸಲು ಕರೆಯಿರಿ, ಮೂರನೇ ದಿನದ ಆ ಮಧ್ಯಾಹ್ನವನ್ನು ಮೊದಲ ದಿನಕ್ಕೆ ತನ್ನಿ ಎಂದು ನಡೆಸುವವರಿಗೆ ಬರೆದಿದ್ದೇನೆ. ಹಾಗೆ ಮಾಡಿದರೆ ಉಳಿದ ಒಂದು ಅಂಕವನ್ನೂ ಸೇರಿಸುತ್ತೇನೆ.